ಡಲ್ಸಿಯ ಮನೆಯೆದುರಿನ ಶನಿವಾರ

ನಮ್ಮ ಪ್ರೆಸ್ಟನ್ ಬಡಾವಣೆಯಲ್ಲಿ ಶನಿವಾರ ಬಂತೆಂದರೆ ಯಾವುದಾದರೂ ಬೀದಿಯಲ್ಲಿ ಮನೆ ಹರಾಜು ಇದ್ದೇ ಇರುತ್ತದೆ. ಗೇಟಿನ ಪಕ್ಕ ಬಾವುಟ ನೆಡುತ್ತಾರೆ, ಕೋಟು ಹಾಕಿದವನೊಬ್ಬ ಫುಟ್‌ಪಾತಿನ ಮೇಲೆ ನಿಂತು ಕೂಗುತ್ತಾನೆ. ಕೊಳ್ಳುವವರು ಮೂರೋ ನಾಲ್ಕೋ ಜನ. ಉಳಿದವರೆಲ್ಲ ಪುಕ್ಕಟೆ ತಮಾಷೆ ನೋಡಲು ನಾಯಿ ಹಿಡಿದುಕೊಂಡು ಬಂದ ಅಕ್ಕಪಕ್ಕದವರು. ಅವರ ಮುಂದಿನ ಸಾಲಿನಲ್ಲಿ ನೀಲಿ ಮಳೆಕೋಟು ತೊಟ್ಟ ಕುಳ್ಳಗಿನ ಹೆಂಗಸು ಕಂಡರೆ ಅವಳೇ ನನ್ನ ಎದುರುಮನೆಯ ಡಲ್ಸಿ ಪ್ರೆಂಟಿಸ್.

ಮದುವೆಯಾಗಲಿಲ್ಲ. ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದು, ಗಂಡಸಿನ ಸಹಿ ಇಲ್ಲದೆ ಸಾಲ ಕೊಡುವುದಿಲ್ಲ ಎಂದ ಬ್ಯಾಂಕಿನವನ ಎದುರು ಸಂಜೆಯ ತನಕ ಕುರ್ಚಿ ಬಿಟ್ಟೇಳದೆ ಕೂತು, ಆ ಹಲಗೆ ಗೋಡೆಯ ಮನೆಯನ್ನು ಒಬ್ಬಳೇ ಕೊಂಡವಳು. ಆಮೇಲೆ ಕಾರ್ಖಾನೆ ಮುಚ್ಚಿತು. ಗೆಳತಿಯರಲ್ಲಿ ಕೆಲವರು ಬಿಸಿಲು ಹುಡುಕಿಕೊಂಡು ಕ್ವೀನ್ಸ್‌ಲ್ಯಾಂಡಿಗೆ ಹೋದರು, ಕೆಲವರು ತೀರಿಕೊಂಡರು. ಇಡೀ ವಾರ ಅವಳ ಮನೆಯಲ್ಲಿ ಕೇಳಿಸುವ ದನಿ ಎಂದರೆ ರೇಡಿಯೊದ್ದು ಮತ್ತು ನನ್ನದು. ಎರಡರಲ್ಲಿ ರೇಡಿಯೊ ವಾಸಿ ಎಂದು ನನ್ನ ಮುಖಕ್ಕೇ ಹೇಳುತ್ತಿದ್ದಳು.

ಹಾಗಾಗಿ ಅವಳಿಗೆ ಈ ಶನಿವಾರಗಳು. ಹರಾಜಿಗಿಟ್ಟ ಮನೆಗಳ ಬಾಗಿಲು ಯಾರಿಗಾದರೂ ತೆರೆದಿರುತ್ತದಲ್ಲ, ಅವಳು ಒಳಗೆ ಹೋಗಿ ಹೊಸ ಜೋಡಿಗಳಿಗೆ ಕೇಳದೆಯೇ ಬುದ್ಧಿ ಹೇಳುತ್ತಿದ್ದಳು. ಪರ್ಸಿನಲ್ಲಿ ಒಂದು ಗಾಜಿನ ಗೋಲಿ ಇರುತ್ತಿತ್ತು. ಅದನ್ನು ನೆಲದ ಮೇಲಿಟ್ಟು ಬಿಡುವಳು. ಗೋಲಿ ಮೂಲೆಗೆ ಓಡಿದರೆ ಮನೆ ಹೊತ್ತ ಗೂಟಗಳು ಕುಸಿದಿವೆ ಎಂದು ಲೆಕ್ಕ. ಒಳಗೆ ಕೇಕಿನ ಘಮ ಬಂದರೆ ಅದು ಮುಗ್ಗಲು ವಾಸನೆ ಮುಚ್ಚುವುದಕ್ಕೆ, ತೇವ ಹಿಡಿದ ಗೋಡೆ ಎಲ್ಲಿದೆ ಹುಡುಕಿ ಎನ್ನುವಳು. ಮಳೆ ಬಂದ ದಿನ ಇನ್ನೊಮ್ಮೆ ಬನ್ನಿ, ಏಜೆಂಟನ ಹತ್ತಿರ ನಿಮ್ಮ ಕೊನೇ ಬೆಲೆ ಬಾಯಿಬಿಡಬೇಡಿ, ಅವನು ನಗುವುದು ಮಾರುವವರ ಸಂಬಳಕ್ಕೆ ಎನ್ನುವಳು. ಏಜೆಂಟರಿಗೆ ಅವಳನ್ನು ಕಂಡರೆ ಮೈಯೆಲ್ಲ ಉರಿ. ನನಗೆ ಅದೇ ಖುಷಿ.

ಹೀಗೊಂದು ಮನೆಯಲ್ಲಿ ನಾದಿನ್ ಮತ್ತು ಎಲಿಯಾಸ್ ಎಂಬ ಹೊಸ ಜೋಡಿ ಸಿಕ್ಕಿತು. ಲೆಬನಾನಿನ ಕಡೆಯ ಮನೆತನದವರು, ಇಲ್ಲೇ ಹುಟ್ಟಿದವರು. ಆ ಹುಡುಗಿ ಅಡುಗೆಮನೆಯನ್ನು ಎರಡೂ ತೋಳು ಚಾಚಿ ಅಳೆಯುತ್ತಿದ್ದಳಂತೆ. ಡಲ್ಸಿ ಗೋಲಿ ತೆಗೆದಳು, ಸ್ನೇಹ ಕುದುರಿತು. ಆ ಚಳಿಗಾಲವಿಡೀ ಶನಿವಾರ ಬೆಳಿಗ್ಗೆ ಅವರ ಕಾರು ಬಂದು ಹಾರನ್ ಹಾಕುವುದು, ಇವಳು ಮೊದಲೇ ಗೇಟಿನಲ್ಲಿ ನಿಂತಿರುವುದು. ಹರಾಜಿನ ಮೇಲೆ ಹರಾಜು ಸೋತರು. ಒಂದು ಸಲ ಎಲಿಯಾಸ್ ಆಸೆ ತಡೆಯಲಾರದೆ ತನ್ನ ಮಿತಿ ಮೀರಿ ಕೂಗಿದ. ಪುಣ್ಯಕ್ಕೆ ಇನ್ನೊಬ್ಬ ಅವನಿಗಿಂತ ಮೇಲೆ ಹೋದ. ಡಲ್ಸಿ ಅವನನ್ನು ನನ್ನೆದುರೇ ಝಾಡಿಸಿದಳು.

"ಹುಚ್ಚು ಹಿಡಿದಿತ್ತಾ ನಿಂಗೆ? ಮನೇಲೇ ಒಂದು ಬೆಲೆ ತೀರ್ಮಾನ ಮಾಡ್ಕೊಂಡು ಬರೋದು. ಅದು ಬಂತಾ, ಎರಡೂ ಕೈ ಜೇಬಿಗೆ. ನೆಟ್ಟಗೆ ಕಾರಿನ ಹತ್ರ ನಡಿ. ತಿರುಗಿ ನೋಡ್ಬಾರ್ದು. ತಿರುಗಿ ನೋಡಿದ್ಯೋ, ಆ ಕೋಟಿನವನು ಕಣ್ಣಲ್ಲೇ ವಾಪಸ್ ಎಳ್ಕೋತಾನೆ."

"ಸರಿ ಆಂಟಿ," ಎಂದ ಅವನು, ಶಾಲೆಯ ಹುಡುಗನ ಹಾಗೆ.

ಅಷ್ಟರಲ್ಲಿ ಡಲ್ಸಿಯ ಮೊಣಕಾಲು ಕೈಕೊಟ್ಟಿತು. ಮನೆ ಮಾರಿ, ಮೆಟ್ಟಿಲಿಲ್ಲದ ಸಣ್ಣದೊಂದು ಜಾಗಕ್ಕೆ ಹೋಗುತ್ತೇನೆ ಎಂದಳು. ವಿಷಯ ಕೇಳಿದ್ದೇ ತಡ, ಆ ಜೋಡಿ ಓಡಿಬಂತು. ನಾನು ಅವಳ ಅಡುಗೆಮನೆಯ ನಲ್ಲಿ ರಿಪೇರಿ ಮಾಡುತ್ತಿದ್ದೆ.

"ಆಂಟಿ, ನಮಗೇ ಕೊಟ್ಬಿಡಿ," ಎಂದಳು ನಾದಿನ್. "ನಮ್ಮ ಕೈಲಾದಷ್ಟೂ ಕೊಡ್ತೀವಿ. ನಿಂಬೆ ಗಿಡ ಕಡಿಯಲ್ಲ, ಒಲೇನೂ ಬದಲಾಯಿಸಲ್ಲ. ನೀವು ಯಾವಾಗ ಬೇಕಾದ್ರೂ ಬನ್ನಿ."

ಅವರು ಹೇಳಿದ ಬೆಲೆ ನ್ಯಾಯವಾಗಿತ್ತು, ಅವಳಿಗೆ ಸಾಕಾಗುವಷ್ಟಿತ್ತು. ಮನಸ್ಸಿಗೆ ಹಿಡಿಸಿದ ಗಿರಾಕಿ ಸಿಕ್ಕರೆ ಹರಾಜಿಗೆ ಮೊದಲೇ ಕೊಟ್ಟು ಕೈತೊಳೆದುಕೊಳ್ಳಿ ಎಂದು ಊರಿಗೆಲ್ಲ ಹೇಳುತ್ತಿದ್ದವಳು ಇದೇ ಡಲ್ಸಿ. ಆದರೆ ಅವತ್ತು, "ಹರಾಜಿಗೆ ಬನ್ನಿ. ಈ ಸಣ್ಣ ಬೀದೀಲಿ ನಿಮ್ಮ ಎದುರು ಕೂಗೋರು ಯಾರು? ಕನಿಷ್ಠ ಬೆಲೆ ಕಡಿಮೇನೇ ಇಡ್ತೀನಿ. ಮನೆ ನಿಮ್ಮದೇ ಅಂತ ತಿಳ್ಕೊಳ್ಳಿ," ಎಂದಳು.

ಅವರು ಮುಖ ಸಣ್ಣದು ಮಾಡಿಕೊಂಡು ಹೋದರು. ನಾನು ಸ್ಪ್ಯಾನರ್ ಕೆಳಗಿಟ್ಟೆ.

"ನಿಂಗೇನು ದುಡ್ಡಿನ ಆಸೆಯಾ ಡಲ್ಸಿ?"

"ದುಡ್ಡು ಯಾರಿಗೆ ಬೇಕು, ಕ್ಲೆಮ್. ಊರಲ್ಲಿರೋ ಮನೆ ಮುಂದೆಲ್ಲ ನಾನು ಹೋಗಿ ನಿಂತಿದ್ದೀನಿ. ನನ್ನ ಮನೆ ಮುಂದೆ ಜನ ನಿಂತಿದ್ದು ಒಂದು ದಿನಾನೂ ನೋಡಿಲ್ಲ. ಒಂದೇ ಒಂದು ಶನಿವಾರ. ಅಷ್ಟೂ ಆಸೆಪಡಬಾರ್ದಾ?"

ಇಷ್ಟು ವರ್ಷ ಎದುರಿಗಿದ್ದೂ ಅವಳ ಒಂಟಿತನ ಎಷ್ಟು ಅಂತ ನನಗೆ ಅಂದಾಜಿರಲಿಲ್ಲ. ಮತ್ತೆ ನಲ್ಲಿಗೆ ಕೈಹಾಕಿದೆ.

ಆ ಶನಿವಾರ ಬಂತು. ಮಾರುವವರು ಹರಾಜಿನ ಹೊತ್ತಿಗೆ ಅಲ್ಲಿರಬಾರದು, ಎಲ್ಲಾದರೂ ಕಾಫಿ ಕುಡಿಯುತ್ತ ಕೂತಿರಬೇಕು ಎಂಬುದೂ ಅವಳದೇ ಉಪದೇಶ. ಅವಳು ಎಲ್ಲಿಗೂ ಹೋಗಲಿಲ್ಲ. ಹಳದಿ ಉಡುಪು ಹಾಕಿಕೊಂಡು, ಬಂದವರಿಗೆಲ್ಲ ತಾನೇ ಮಾಡಿದ ಲ್ಯಾಮಿಂಗ್ಟನ್ ಹಂಚಿದಳು, ಚಾಕೊಲೇಟಿನಲ್ಲಿ ಅದ್ದಿ ಕೊಬ್ಬರಿ ಮೆತ್ತಿದ ಕೇಕಿನ ತುಂಡುಗಳನ್ನು. ಬೀದಿ ತುಂಬ ಜನ. ಬೆಲೆ ಕಡಿಮೆ ಎಂದು ಸುದ್ದಿ ಹಬ್ಬಿದರೆ ಬರದೆ ಇರುತ್ತಾರೆಯೇ? "ಎಷ್ಟು ಚೆಂದ ಇಟ್ಕೊಂಡಿದ್ದೀರಿ ಮನೇನ," ಎಂದು ಯಾರೋ ಹೇಳಿದಾಗ ಅವಳ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಅವಳು ಅಷ್ಟು ಸಂತೋಷವಾಗಿದ್ದನ್ನು ಹಿಂದೆಂದೂ ನೋಡಿರಲಿಲ್ಲ.

ಚಡ್ಡಿ ಹಾಕಿದ ಒಬ್ಬ ಆಸಾಮಿ ಮಾತ್ರ ಒಳಗೆ ಕಾಲಿಡಲೇ ಇಲ್ಲ. ಬೇಲಿಯಿಂದ ಬೇಲಿಗೆ ಹೆಜ್ಜೆ ಹಾಕಿ ಜಾಗ ಅಳೆಯುತ್ತಿದ್ದ. ಮನೆ ಕೆಡವಿ ಅಲ್ಲೇ ಎರಡು ಕಟ್ಟುವ ಬಿಲ್ಡರ್ ಎಂದು ನೋಡಿದರೆ ಗೊತ್ತಾಗುತ್ತಿತ್ತು.

ಹರಾಜು ಶುರುವಾಯಿತು. ಎಲಿಯಾಸ್ ಕೂಗಿದ, ಚಡ್ಡಿಯವನು ಬೆರಳೆತ್ತಿದ. ಡಲ್ಸಿ ಇಟ್ಟಿದ್ದ ಕನಿಷ್ಠ ಬೆಲೆ ನೋಡನೋಡುತ್ತಲೇ ದಾಟಿತು. "ಇನ್ನು ಮನೆ ಮಾರಾಟ ಆಗಿಯೇ ಆಗುತ್ತೆ," ಎಂದು ಕೂಗುವವನು ಸಾರಿದ. ಹಾಗೆ ಸಾರಿದ ಮೇಲೆ ಹೆಚ್ಚು ಕೊಟ್ಟವನಿಗೇ ಮನೆ, ಒಡತಿ ಬಾಯಿ ತೆರೆಯುವಂತಿಲ್ಲ. ಇದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಅಲ್ಲಿ ಯಾರೂ ಇರಲಿಲ್ಲ.

ಎಲಿಯಾಸ್ ಇನ್ನೊಮ್ಮೆ ಕೂಗಿದ. ಬಿಲ್ಡರ್ ಫೋನ್ ನೋಡುತ್ತಲೇ ಬೆರಳೆತ್ತಿದ. ಎಲಿಯಾಸ್ ನಾದಿನಳ ಮುಖ ನೋಡಿದ, ಎರಡೂ ಕೈ ಜೇಬಿಗೆ ಹಾಕಿದ. ಇಬ್ಬರೂ ಜನರ ನಡುವೆ ದಾರಿ ಮಾಡಿಕೊಂಡು ನೆಟ್ಟಗೆ ಕಾರಿನ ಕಡೆ ನಡೆದರು.

ಜಗಲಿಯ ಮೇಲೆ ನಿಂತಿದ್ದ ಡಲ್ಸಿ ಅವರನ್ನು ಕರೆಯಲು ಕೈಯೆತ್ತಿದಳು.

"ಒಡತಿಯಮ್ಮ, ನಿಮ್ಮ ಮನೇನ ನೀವೇ ಕೂಗೋ ಹಾಗಿಲ್ಲ," ಎಂದ ಕೋಟಿನವನು. ಜನರೆಲ್ಲ ನಕ್ಕರು. ಅವಳು ಕೈ ಇಳಿಸಿದಳು. ಸುತ್ತಿಗೆ ಬಿತ್ತು.

ಬೀದಿ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಾವುಟ ಕಿತ್ತುಕೊಂಡು ಏಜೆಂಟನೂ ಹೋದ, ದಾಖಲೆ ಬೆಲೆ ಎಂದು ಅವಳ ಕೈಕುಲುಕಿ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಅವರು ತಿರುಗಿ ನೋಡಿದ್ರಾ, ಕ್ಲೆಮ್? ನಂಗೆ ಜನ ಅಡ್ಡ ಇದ್ರು."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇಲ್ಲ ಡಲ್ಸಿ."

"ನಾನು ಹೇಳಿಕೊಟ್ಟ ಹಾಗೇ ಮಾಡಿದ್ರು," ಎಂದಳು. ಆಮೇಲೆ ಒಳಗೆ ಹೋಗಿ ಬಟ್ಟೆ ಮುಚ್ಚಿದ್ದ ತಟ್ಟೆಯೊಂದನ್ನು ತಂದು ನನ್ನ ಮಡಿಲಲ್ಲಿ ಇಟ್ಟಳು. ಎರಡು ಲ್ಯಾಮಿಂಗ್ಟನ್ ಇದ್ದವು.

"ಅವರಿಬ್ಬರಿಗೆ ಅಂತ ಎತ್ತಿಟ್ಟಿದ್ದೆ. ನೀನು ತಿನ್ನು."