ಅವ್ವ ಕಟ್ಟಿಕೊಳ್ಳದ ಬೆಲ್ಟು

ನಮ್ಮ ಮನೆಗೆ ಬರುವ ಹೊತ್ತಿಗೇ ಆ ದೊಡ್ಡ ಗಾಡಿಗೆ ವಯಸ್ಸಾಗಿತ್ತು. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಓಡಿಸಿ ಸಾಕಾಗಿ ಮಾರಿದ್ದನ್ನು ತಂದು, ರೋಣದ ನಮ್ಮ ಓಣಿಯಲ್ಲಿ ನಿಲ್ಲಿಸಿ ಬೀಗಿದ್ದೆ. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಇದ್ದ ಗಾಡಿ ಆಗ ನಮ್ಮ ಕಡೆ ಅಪರೂಪ. ಡಿಕ್ಕಿಯಾದರೆ ಚೀಲ ಉಬ್ಬಿ ಜೀವ ಉಳಿಸುತ್ತದೆ ಎಂದು ಚಹಾಕ್ಕೆ ಬಂದವರಿಗೆಲ್ಲ ಕೊರೆಯುತ್ತಿದ್ದೆ. ವರ್ಷ ತುಂಬುವುದರೊಳಗೆ ಕುಂಟನಿಗೆ ಎಂಟು ಚೇಷ್ಟೆ ಎಂಬಂತಾಯಿತು. ಇಳಿದ ಗಾಜು ಏರದು. ಎಡಗಡೆ ಸೀಟಿನ ಬೆಲ್ಟು ಕೊಂಡಿಯಲ್ಲಿ ಕಟ್ ಎಂದು ಕೂತು ಮರುಗಳಿಗೆಗೆ ಜಾರಿ ಹೊರಬರುವುದು. ಸ್ಟೇರಿಂಗಿನ ಮುಂದೆ ಹತ್ತಿದ ಏರ್‌ಬ್ಯಾಗಿನ ಕೆಂಪು ದೀಪವಂತೂ ಆರಲೇ ಇಲ್ಲ.

ಆ ಎಡಗಡೆ ಸೀಟು ಅವ್ವನದು. ಮೊಣಕಾಲು ಮಡಚಲಾಗದ್ದರಿಂದ ಅವಳು ಹಿಂದೆ ಕೂರುತ್ತಿರಲಿಲ್ಲ. ಕೊಂಡಿ ಇನ್ನೂ ಸರಿಯಿದ್ದಾಗ, ಮೊದಲ ದಿನ, ನಾನು ಬೆಲ್ಟು ಎಳೆದು ಹಾಕಲು ಹೋದರೆ ಗಪ್ಪನೆ ನನ್ನ ಕೈ ಹಿಡಿದಳು.

“ತಗೀ ಇದನ್ನ. ನಾ ಇನ್ನೂ ಜೀವಂತ ಅದೀನಿ. ಹೆಣಾ ಕುಂದ್ರಿಸಿ ಕಟ್ಟಿದಾಂಗ ಕಟ್ಟಬ್ಯಾಡ.”

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ಬಾಗದಂತೆ ಎದೆಗೆ ಅಡ್ಡಲಾಗಿ ಅರಿವೆಯ ಪಟ್ಟಿ ಹಾಕಿ ಹಿಂದಿನ ಗೂಟಕ್ಕೆ ಕಟ್ಟುತ್ತೇವೆ. ಅಪ್ಪನನ್ನು ಹಾಗೆ ಕಟ್ಟಿದ್ದನ್ನು ಅವಳು ರಾತ್ರಿಯಿಡೀ ಎದುರಿಗೆ ಕೂತು ನೋಡಿದವಳು. ಹಿಂದಿನ ಸೀಟಿನಿಂದ ನನ್ನ ಹೆಂಡತಿ, “ಅತ್ತಿ, ಈಗ ಎಲ್ಲಾರೂ ಕಟ್ಟಿಕೋತಾರ್ರಿ” ಎಂದಳು. “ಕಟ್ಟಿಕೊಳ್ಳಲಿ. ಅವರಿಗೆ ಅವಸರ ಐತಿ” ಎಂದಳು ಅವ್ವ. ನಾವು ನಕ್ಕೆವು.

ಆಮೇಲೆ ಕೊಂಡಿ ಕೆಟ್ಟಾಗ, ಖರೇ ಹೇಳುತ್ತೇನೆ, ನನಗೆ ಹಗುರವೇ ಆಯಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅವಳಿಗೆ ಬೆಲ್ಟು ಬೇಡ, ನನಗೆ ಹುಬ್ಬಳ್ಳಿಗೆ ಅಲೆಯುವ ತ್ರಾಸು ಬೇಡ.

ಕೆಂಪು ದೀಪ ಮಾತ್ರ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ನರಗುಂದಕ್ಕೆ ಹೋಗುವಾಗಲೂ ಅದೇ ಮಾತು, ಬರುವಾಗಲೂ ಅದೇ ಮಾತು: “ಅದ್ಯಾಕ ಹತ್ತೇತಿ?” ಕೊನೆಗೆ ಅವಳನ್ನೂ ಕರೆದುಕೊಂಡು ಗಾಡಿಯನ್ನು ಗಜೇಂದ್ರಗಡದ ಮೇಸ್ತ್ರಿಯೊಬ್ಬನ ಹತ್ತಿರ ಒಯ್ದು, ಅವಳನ್ನು ದೂರದ ನೆರಳಿಗೆ ಕೂರಿಸಿದೆ. ಅವನು ಒಳಗೆ ಕೈ ಹಾಕಿ ನೋಡಿ ಹೇಳಿದ:

“ದೀಪ ಬಂದ್ ಮಾಡೋದು ನನ್ನ ಕೈಯಾಗ ಐತ್ರಿ. ಚೀಲ ರಿಪೇರಿ ಆಗಬೇಕಂದ್ರ ಹುಬ್ಬಳ್ಳಿಗೆ ಒಯ್ಯಬೇಕು. ಮೊದಲ ಅಮ್ಮಾರ ಬೆಲ್ಟಿನ ಕೊಂಡಿನರ ಹಾಕಸ್ರಿ.”

“ಸದ್ಯ ದೀಪ ಬಂದ್ ಮಾಡು” ಎಂದೆ. ಅವನು ದೀಪದ ವಾಯರು ಕಿತ್ತ.

ಮರಳಿ ಬರುವಾಗ ಅವ್ವ ಬಾಗಿ ನೋಡಿದಳು. “ಈಗ ಚಲೋ ಆತಲ್ಲ?”

“ಹೌದಬೇ, ಚಲೋ ಆತು.”

ಆ ಸುಳ್ಳಿಗೆ ಅವಳು ನೆಮ್ಮದಿಯಿಂದ ನಿದ್ದೆ ಹೋದಳು.

ಎರಡು ತಿಂಗಳಾಗಿರಬೇಕು. ಅಮಾವಾಸ್ಯೆಯ ದಿನ ಅವಳನ್ನು ಇಟಗಿಗೆ, ಭೀಮಾಂಬಿಕೆಯ ಗುಡಿಗೆ ಕರೆದೊಯ್ದಿದ್ದೆ. ಹೆಂಡತಿ ಬಂದಿರಲಿಲ್ಲ. ಮಧ್ಯಾಹ್ನ ಮರಳುವಾಗ ಮುಂದಿದ್ದ ಟ್ರ್ಯಾಕ್ಟರು ಎಮ್ಮೆ ಅಡ್ಡ ಬಂತೆಂದು ಗಕ್ಕನೆ ನಿಂತಿತು. ನಾನು ಬ್ರೇಕು ಒತ್ತಿದರೂ ಗಾಡಿ ಅದರ ಟ್ರೇಲರಿಗೆ ಹೋಗಿ ಬಡಿಯಿತು. ಭಾಳ ಜೋರಾಗಿಯೇನೂ ಅಲ್ಲ. ನನ್ನ ಬೆಲ್ಟು ನನ್ನನ್ನು ಸೀಟಿಗೆ ಒತ್ತಿ ಹಿಡಿಯಿತು. ಅವ್ವನ ಮುಂದೆ ಯಾವ ಚೀಲವೂ ಉಬ್ಬಲಿಲ್ಲ. ಅವಳ ಮಡಿಲಲ್ಲಿದ್ದ ಪ್ರಸಾದದ ಗಂಟು ಕೆಳಗೆ ಬಿದ್ದು, ಅದರ ಮೇಲೆಯೇ ಅವಳೂ ಕುಸಿದಿದ್ದಳು. ಹಣೆ ಡ್ಯಾಶ್‌ಬೋರ್ಡಿಗೆ ಬಡಿದಿತ್ತು. “ಏನಾತೋ?” ಎಂದಳು. ಮುಂದೆ ಮಾತಾಡಲಿಲ್ಲ. ಗದಗಿನ ದವಾಖಾನೆಯಲ್ಲಿ ಮೂರು ದಿನ ಇದ್ದಳು.

ಮನೆಗೆ ತಂದು ಪಡಸಾಲೆಯಲ್ಲಿ ಕೂರಿಸಿದರು. ಹಣೆಯ ಗಾಯದ ಮೇಲೆ ವಿಭೂತಿ ಹಚ್ಚಿದರು. ಓಣಿಯ ಹಿರಿಯರೊಬ್ಬರು ಅರಿವೆಯ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, “ಬಿಗಿ ಕಟ್ಟಪಾ, ಮುಂದಕ್ಕ ಬಾಗಾಕತ್ಯಾಳ” ಎಂದರು. ತೋಳು ಎತ್ತಿದಾಗ ನನ್ನ ಎದೆಯ ಮೇಲೆ ಬೆಲ್ಟು ಮೂಡಿಸಿದ್ದ ಬಾಸುಂಡೆ ಚುರುಗುಟ್ಟಿತು. ಪಟ್ಟಿಯನ್ನು ಅವಳ ಎದೆಗೆ ಅಡ್ಡ ಹಾಕಿ, ಗೂಟಕ್ಕೆ ಸುತ್ತಿ, ಎರಡು ಗಂಟು ಬಿಗಿದೆ.

ಈ ಸಲ ಅವ್ವ ನನ್ನ ಕೈ ಹಿಡಿಯಲಿಲ್ಲ.