ತೆರೆಯ ಮೇಲಿನ ಅತಿಥಿಗಳಿಗೆ ಫ್ಯಾನು

ಖಾರ ಕುಟ್ಟುವ ಗಿರಣಿಯ ಮುಂದೆ ಹಾದುಹೋಗುವಾಗ ಎಲ್ಲರಿಗೂ ಸೀನು ಬರುತ್ತದೆ. ನನಗೆ ನಾಚಿಕೆ ಬರುತ್ತದೆ. ಇವತ್ತು ರಾಣೆಬೆನ್ನೂರಿನ ಪೇಟೆಯಲ್ಲಿ ಅದೇ ಘಾಟು ಮೂಗಿಗೆ ಬಡಿಯಿತು. ಕಾರಣ ನಿಮಗೊಬ್ಬರಿಗೆ ಹೇಳುತ್ತೇನೆ.

ನಾಲ್ಕೈದು ವರ್ಷದ ಹಿಂದೆ ನಾನು ಬ್ಯಾಡಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಒಂಬತ್ತನೆಯ ತರಗತಿಯ ರಜಿಯಾ, ಹಲವು ದೇಶಗಳ ಮಕ್ಕಳಿಗೆ ಬಾಹ್ಯಾಕಾಶ ವಿಜ್ಞಾನ ಕಲಿಸುವ ಪರದೇಶದ ಶಿಬಿರವೊಂದಕ್ಕೆ ಅರ್ಜಿ ಹಾಕಿ, ಕೊನೆಯ ಸುತ್ತಿಗೆ ಬಂದುಬಿಟ್ಟಿದ್ದಳು. ಅದೊಂದು ಗೆದ್ದರೆ ವಿಮಾನ ಹತ್ತುವುದೇ. ಅರ್ಜಿಗೆ ನಾನು ಮಾಡಿದ ಸಹಾಯವೆಂದರೆ ಕೆಳಗೊಂದು ಸಹಿ. ಹೇಳಿಕೊಂಡು ತಿರುಗಿದ್ದು ಮಾತ್ರ ಹಾವೇರಿಯವರೆಗೆ.

ಮಂಗಳ ಗ್ರಹದ ಧೂಳು ಮನೆಯೊಳಗೆ ಬಾರದಂತೆ ತಡೆಯುವುದು ಹೇಗೆ ಎಂಬುದು ಅವರು ಕೊಟ್ಟ ಸಮಸ್ಯೆ. ನಾನು ಪಂಪು, ಪೈಪು ಎಂದೇನೇನೋ ಹೇಳಿದೆ. ಅವಳು ಹೋಗಿ ತಾಯಿಯನ್ನು ಕೇಳಿದಳು. ತಾಯಿ ಮಾಬೂಬಿ ಮೆಣಸಿನಕಾಯಿ ಅಂಗಡಿಯಲ್ಲಿ ತೊಟ್ಟು ಬಿಡಿಸುವವರು. ಕೈಗೆ ಎಣ್ಣೆ, ಮೂಗಿಗೆ ಒದ್ದೆ ಬಟ್ಟೆ, ಮನೆಗೆ ಬಂದರೆ ಹೊಸ್ತಿಲಾಚೆಯೇ ಸೆರಗು ಝಾಡಿಸುವುದು; ಧೂಳಿನ ವಿಷಯದಲ್ಲಿ ಅವರಿಗೆ ನನ್ನ ಪಾಠ ಬೇಕಿರಲಿಲ್ಲ. ರಜಿಯಾ ಎರಡು ಬಾಗಿಲಿನ ರಟ್ಟಿನ ಮನೆ ಮಾಡಿದಳು. ಬಾಗಿಲುಗಳ ನಡುವೆ ಎಣ್ಣೆ ಸವರಿದ ಪರದೆಯೊಂದು, ಒದ್ದೆ ಪರದೆಯೊಂದು, ಧೂಳು ನುಸುಳಿದರೆ ಕಾಣಲೆಂದು ಒಳಗೆ ಬಿಳಿ ಅರಳೆ. ಮಂಗಳದ ಧೂಳಿನ ಬದಲು ಪರಾತದ ತುಂಬ ಖಾರಪುಡಿ.

ಸಂದರ್ಶನ ನಮ್ಮ ಸ್ಟಾಫ್ ರೂಮಿನ ಲ್ಯಾಪ್‌ಟಾಪಿನಲ್ಲಿ; ಮೇಜಿನ ಮೇಲೆ ಅದರ ಪಕ್ಕದಲ್ಲೇ ರಟ್ಟಿನ ಮನೆ, ಖಾರಪುಡಿಯ ಪರಾತ. ಮನೆಗೆ ಯಾರೇ ಬರಲಿ, ಅವರು ಕೂರುವ ಮೊದಲೇ ಫ್ಯಾನ್ ಹಾಕುವುದು ನಮ್ಮ ಕಡೆಯ ಮರ್ಯಾದೆ. ತೆರೆಯ ಮೇಲೆ ಮೂವರು ಪರದೇಶದ ದೊಡ್ಡವರು ಕಾಣಿಸಿದ್ದೇ ತಡ, ನಾನು ಎದ್ದು ನಮಸ್ಕಾರ ಮಾಡಿ, ಅವರಿಗೆ ಸೆಕೆಯಾಗಬಾರದೆಂದು ಫ್ಯಾನ್ ಹಾಕಿದೆ. ಅದೂ ಐದಕ್ಕೆ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ಕಣ್ಣಿಗೆ ಬಿದ್ದಾಗ ಆ ವ್ಯತ್ಯಾಸ ತಿಳಿಯುವುದಿಲ್ಲ. ನಾನು ಮೇಜಿನ ಕೆಳಗೆ ಸೇರಿದೆ. ರಜಿಯಾ ಓಢಣಿಯನ್ನು ನೀರಿಗದ್ದಿ ಮೂಗಿಗೆ ಕಟ್ಟಿಕೊಂಡು ಫ್ಯಾನ್ ಆರಿಸಿದಳು, ರಟ್ಟಿನ ಮನೆ ತೆರೆದು ಅರಳೆ ತೋರಿಸಿದಳು. ಬೆಳ್ಳಗೇ ಇತ್ತು. ಇದೂ ಪ್ರಯೋಗದ ಭಾಗವೇ ಎಂದು ಅವರಲ್ಲೊಬ್ಬರು ಕೇಳಿದರು. ಹೌದು ಅನ್ನಲಿ ದೇವರೇ ಎಂದು ನಾನು ಕೆಳಗಿನಿಂದ ಬೇಡಿಕೊಂಡೆ. ಅವಳು ನಿಧಾನ ಇಂಗ್ಲಿಷಿನಲ್ಲಿ, ಇಲ್ಲ, ಇದು ನಮ್ಮ ಸರ್ ಮಾಡಿದ ತಪ್ಪು, ಮಂಗಳದ ಮೇಲೂ ಯಾರಾದರೂ ಒಬ್ಬರು ಮಾಡೇ ಮಾಡುತ್ತಾರೆ, ಅದಕ್ಕೇ ಎರಡು ಬಾಗಿಲು ಎಂದಳು.

ಮುಂದಿನ ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಒಂದು ಹುಡುಗಿಯ ವಿಮಾನವನ್ನು ಫ್ಯಾನಿನಿಂದ ತಪ್ಪಿಸಿದೆನಲ್ಲ ಎಂದು ಕೊರಗಿದೆ. ಒಂಬತ್ತನೆಯ ದಿನ ಆಯ್ಕೆಯ ಪತ್ರ ಬಂತು.

ಒಪ್ಪಿಗೆಗೆ ಮಾಬೂಬಿಯವರನ್ನು ಶಾಲೆಗೆ ಕರೆಸಿದೆವು. ಅವರು ಪೆನ್ನು ಹಿಡಿದವರು ಬರೆಯದೆ ನನ್ನನ್ನೇ ನೋಡಿದರು.

“ಸರ್, ಅಲ್ಲಿಗೆ ಅಕಿ ಜೋಡಿ ನೀವೂ ಹೊಂಟೀರೇನ್ರಿ?”

ಇಲ್ಲ ಎಂದೆ.

“ಹಂಗಾರ ಸಹಿ ಮಾಡ್ತೇನ್ರಿ.”

ಆಗ ನನಗೆ ಸಿಟ್ಟು ಬಂದಿತ್ತು. ಇವತ್ತು ಗಿರಣಿಯ ಯಜಮಾನರು ಗುರುತು ಹಿಡಿದು, ಬ್ಯಾಡಗಿಯಿಂದ ಪರದೇಶಕ್ಕೆ ಹೋದ ಆ ಹುಡುಗಿಗೆ ಕಲಿಸಿದ ಮಾಸ್ತರು ನೀವೇ ಅಲ್ಲವೇ ಎಂದು ಕೇಳಿದರು. ಅಲ್ಲ, ಕಲಿಸಿದ್ದು ಅವಳ ತಾಯಿ ಎಂದೆ. ಹೇಳುವಾಗ ಹೊಟ್ಟೆ ಸ್ವಲ್ಪ ಉರಿಯಿತು, ಆದರೂ ಹೇಳಿದೆ.