ಬೆಳ್ಳಿ ಬಿಚ್ಚಿದ ತೂಕ

ಸಾಮ್ರಾಜ್ಯಗಳು ಮೊದಲು ಕುಸಿಯುವುದು ಅಡುಗೆಮನೆಯಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ. ಶಿಕಾರಿಪುರದ ನಮ್ಮ ಸಾಮ್ರಾಜ್ಯ ಕುಸಿದದ್ದು ಮೊಮ್ಮಗಳು ಬಾಯಿಗಿಡದ ಒಂದು ಚಮಚ ತೊವ್ವೆಗೆ.

ಎರಡೂವರೆ ವರ್ಷದ ಮೊಮ್ಮಗಳು ತಿನ್ನುತ್ತಿದ್ದದ್ದು ತುಪ್ಪದನ್ನ, ಮಂಡಕ್ಕಿ, ಅಷ್ಟೇ. ಬೇಳೆ, ಕಾಳು, ಹಾಲು, ಮೊಸರು ಯಾವುದು ಬಂದರೂ ಬಾಯಿಗೆ ಬೀಗ. ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿ ಅನ್ನದಡಿ ಅಡಗಿಸಿದರೆ, ಬೆರಳಿನಿಂದ ಬಗೆದು ನೋಡಿ, ತಟ್ಟೆಯನ್ನು ನಿಧಾನವಾಗಿ ನನ್ನ ಕಡೆಗೆ ದೂಡುತ್ತಿದ್ದಳು. ಅಳುತ್ತಿರಲಿಲ್ಲ. ಭಯವಾಗುತ್ತಿದ್ದದ್ದೇ ಅದಕ್ಕೆ. ಮೊಟ್ಟೆ ನಮ್ಮ ಹೊಸಿಲು ದಾಟುವುದಿಲ್ಲ. ಅಂಗನವಾಡಿಯಲ್ಲೂ ಮೊಟ್ಟೆ ಬೇಡ, ಬಾಳೆಹಣ್ಣು ಸಾಕು ಎಂದು ನಾನೇ ಸಹಿ ಹಾಕಿ ಕೊಟ್ಟಿದ್ದೆ.

“ಮಾವ, ಅದರ ಕೈ ನೋಡಿ, ಕಡ್ಡಿ ಆಗಿದೆ,” ಎನ್ನುತ್ತಿದ್ದಳು ಸೊಸೆ.

“ನಮ್ಮ ವಂಶಾನೇ ಸಣಕಲು,” ಎಂದು ನಾನು ತೀರ್ಪು ಕೊಡುತ್ತಿದ್ದೆ. ಆಧಾರಕ್ಕೆ ಅಂಗನವಾಡಿಯ ಕಾರ್ಡಿತ್ತು. ತಿಂಗಳಿಗೊಮ್ಮೆ ಮಗುವನ್ನು ತೂಗಿ ಅದರಲ್ಲಿ ಚುಕ್ಕೆ ಇಡುತ್ತಾರೆ. ಹಸಿರು ಪಟ್ಟೆ ಅಂದರೆ ತೂಕ ಸರಿ, ಹಳದಿ ಅಂದರೆ ಕಮ್ಮಿ. ನಮ್ಮ ಚುಕ್ಕೆ ಹಸಿರು ಬಿಡದೆ, ತಿಂಗಳು ತಿಂಗಳಿಗೆ ಚೂರು ಚೂರೇ ಮೇಲೇರುತ್ತಿತ್ತು.

ತೂಕದ ದಿನ ಮಗುವನ್ನು ಸಿಂಗರಿಸುವುದು ನನ್ನ ಹೆಂಡತಿಯ ಅಧಿಕಾರ. ಮೊದಲು ಕಾಲಿಗೆ ಗೆಜ್ಜೆಯಷ್ಟೇ ಇತ್ತು. ಹುಟ್ಟುಹಬ್ಬಕ್ಕೆ ಸೊಂಟಕ್ಕೆ ಬೆಳ್ಳಿಯ ಉಡಿದಾರ ಬಂತು. ಆಮೇಲೆ ನನ್ನ ತಂಗಿ ಕೊಟ್ಟ ಕಡಗ.

“ಅಜ್ಜಿ, ಬೆಳ್ಳಿ ಬಿಚ್ರಿ, ತೂಗಬೇಕು,” ಎಂದು ಟೀಚರ್ ಒಮ್ಮೆ ಹೇಳಿದ್ದುಂಟು.

“ಇಷ್ಟು ಜನದ ಕಣ್ಣಾಗೆ ಬರಿಮೈಲಿ ಕುಂದ್ರಿಸ್ಲೇನು? ದೃಷ್ಟಿ ಆಗ್ತೈತಿ. ಹಂಗೇ ತೂಗವ್ವ.”

ಹಾಗೇ ತೂಗಿದರು. ನಾನೂ ಗಂಭೀರವಾಗಿ ತಲೆಯಾಡಿಸಿದೆ.

ಹೋದ ತಿಂಗಳು ಸೊಸೆ ಮಗುವನ್ನು ಕರೆದುಕೊಂಡು ಸೊರಬ ತಾಲೂಕಿನ ಆನವಟ್ಟಿಗೆ, ತವರಿಗೆ ಹೋದಳು. ಬಸ್ಸಿನ ಗದ್ದಲದಲ್ಲಿ ಕಳೆದೀತೆಂದು ಬೆಳ್ಳಿಯನ್ನೆಲ್ಲ ಬಿಚ್ಚಿ ನಮ್ಮ ಬೀರುವಿನಲ್ಲಿಟ್ಟಿದ್ದಳು. ನಾಲ್ಕನೇ ದಿನ ಮಧ್ಯಾಹ್ನ ಫೋನ್ ಬಂತು.

“ಮಾವ, ಇಲ್ಲಿ ಅಂಗನವಾಡೀಲಿ ತೂಗಿಸಿದೆ. ಕಾರ್ಡಲ್ಲಿ ಇದ್ದಿದ್ದಕ್ಕಿಂತ ಅರ್ಧ ಕಿಲೋ ಕಮ್ಮಿ. ಚುಕ್ಕೆ ಹಳದಿಗೆ ಇಳಿದಿದೆ.”

“ಅವರ ತಕ್ಕಡಿ ಕೆಟ್ಟಿರಬೇಕು.”

“ಎರಡು ಸಲ ತೂಗಿದರು ಮಾವ.”

ಫೋನನ್ನು ಸ್ಪೀಕರಿಗೆ ಹಾಕಿ, ಹಿಡಿದುಕೊಂಡೇ ಬೀರು ತೆಗೆದೆ. ಗೆಜ್ಜೆ, ಉಡಿದಾರ, ಕಡಗಗಳನ್ನು ಒಂದೊಂದಾಗಿ ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ. ಒಂದೊಂದಕ್ಕೂ ಅಂಕಿ ಓಡಿ, ತಡವರಿಸಿ, ನಿಂತಿತು. ಹೆಂಡತಿ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

“ಎಷ್ಟೈತ್ರೀ?”

“ಅರ್ಧ ಕಿಲೋಗೆ ಹತ್ತು ಗ್ರಾಂ ಕಮ್ಮಿ.”

ಅವಳು ಅಲ್ಲೇ ಗೋಡೆಗೊರಗಿ ಕುಳಿತಳು. ಅಷ್ಟೂ ತಿಂಗಳು ಹಸಿರಿನಲ್ಲಿ ಬೆಳೆಯುತ್ತಿದ್ದದ್ದು ಬೆಳ್ಳಿ. ಮಗು ನಿಂತಲ್ಲೇ ನಿಂತಿತ್ತು.

ಸೊಸೆ ಇನ್ನೂ ಲೈನಿನಲ್ಲಿದ್ದಳು. “ಮಾವ, ಇಲ್ಲಿ ಮಕ್ಕಳಿಗೆ ಮೊಟ್ಟೆ ಕೊಡ್ತಾರೆ. ನಿನ್ನೆ ಪಕ್ಕದ ಮಗುವಿನ ತಟ್ಟೆಯಿಂದ ಇದು ಎತ್ತಿಕೊಂಡು ತಿಂತು. ನಾನು ಬಿಡಿಸಲಿಲ್ಲ.”

ವಂಶದ ಪರವಾಗಿ ಏನಾದರೂ ಹೇಳಬೇಕಿತ್ತು. ಹೆಂಡತಿಯ ಮುಖ ನೋಡಿದೆ. ಅವಳು ಕಡಗವನ್ನೇ ನೋಡುತ್ತಿದ್ದಳು.

“ಮೊಟ್ಟೆ ಕೊಡ್ಸಂತ ಹೇಳ್ರೀ,” ಎಂದಳು.

ಮರುದಿನ ಇಲ್ಲಿಯ ಅಂಗನವಾಡಿಗೆ ಹೋಗಿ ನನ್ನ ಸಹಿಯ ಕಾಗದ ವಾಪಸ್ ತೆಗೆದುಕೊಂಡೆ. ಸೊಸೆ, ಮಗು ಮರಳಿದ ಮೇಲೆ ಈ ತಿಂಗಳು ಇಲ್ಲೇ ಬೆಳ್ಳಿಯಿಲ್ಲದೆ ತೂಗಿದರು. ಹತ್ತು ಕಿಲೋ, ಆನವಟ್ಟಿಯಲ್ಲಿ ತೂಗಿದ್ದಕ್ಕಿಂತ ಇನ್ನೂರು ಗ್ರಾಂ ಹೆಚ್ಚು. ಚುಕ್ಕೆ ಇನ್ನೂ ಹಳದಿಯಲ್ಲೇ ಇದೆ.